ಪಿನ್ ಯಾರಿಗೂ ಹೇಳಬೇಡಿ ಅನ್ನುವ ಮುಂಚೆ

ಓದು ಬರಹ ಕಲಿಯದವರು, ಕಣ್ಣು ಮಂಜಾದವರು, ಮೊಬೈಲ್ ಅಂದರೆ ಹಸಿರು ಬಟನ್ ಒತ್ತಿ ಮಾತಾಡುವುದಷ್ಟೇ ಗೊತ್ತಿರುವವರು... ಇಂಥವರೂ ಯಾವ ಟ್ರೈನಿಂಗ್ ಇಲ್ಲದೆ, ಪಕ್ಕದಲ್ಲಿ ಯಾರನ್ನೂ ನಿಲ್ಲಿಸಿಕೊಳ್ಳದೆ ಬಳಸುವ ಎಲೆಕ್ಟ್ರಾನಿಕ್ ಯಂತ್ರ ಒಂದು ನಮ್ಮ ದೇಶದಲ್ಲಿದೆ. 2024ರ ಲೋಕಸಭಾ ಚುನಾವಣೆಯಲ್ಲಿ ಅದರ ಗುಂಡಿ ಒತ್ತಿದವರು 64 ಕೋಟಿಗೂ ಹೆಚ್ಚು ಜನ.

ಹೌದು, ಇವಿಎಂ. ದೇಶದಲ್ಲಿ ಇದನ್ನು ತಯಾರಿಸುವುದು ಎರಡೇ ಸಂಸ್ಥೆಗಳು. ಒಂದು ಹೈದರಾಬಾದಿನ ಇಸಿಐಎಲ್, ಇನ್ನೊಂದು ನಮ್ಮ ಬೆಂಗಳೂರಿನ ಬಿಇಎಲ್. ನಾನಿರುವ ಚಿಕ್ಕಬಾಣಾವರದಿಂದ ಜಾಲಹಳ್ಳಿಯ ಬಿಇಎಲ್ ಸರ್ಕಲ್‌ಗೆ ಕೆಲವೇ ಕಿಲೋಮೀಟರ್. ಆ ಸರ್ಕಲ್ ದಾಟಿ ಹೆಬ್ಬಾಳದ ಕಡೆ ಆಫೀಸಿಗೆ ಹೋಗುವ ನನ್ನಂಥ ಸಾಫ್ಟ್‌ವೇರ್ ಮಂದಿ ದಿನಾ ಸಾವಿರಾರು. ಸ್ಕ್ರೀನ್ ಹೇಗೆ ಡಿಸೈನ್ ಮಾಡಬೇಕು ಅಂತ ಕ್ಯಾಲಿಫೋರ್ನಿಯಾದವರು ಬರೆದದ್ದನ್ನು ಓದುತ್ತೇವೆ, ಕೋರ್ಸ್ ಮಾಡುತ್ತೇವೆ. ಅದೇ ವಿಷಯದ ಒಳ್ಳೆಯ ಪಾಠವೊಂದು ದಾರಿ ಪಕ್ಕದ ಕಾಂಪೌಂಡಿನೊಳಗೇ ಇದೆ ಅನ್ನುವುದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ.

ಗುಂಡಿ ಒಂದು, ದೀಪ ಒಂದು, ಸದ್ದು ಒಂದು

ಇವಿಎಂ ಸುತ್ತ ರಾಜಕೀಯದ ಜಗಳ ಬೇಕಾದಷ್ಟಿದೆ. ಅದು ಇಲ್ಲಿ ಬೇಡ. ಮತದಾರರ ಎದುರಿಗಿರುವ ಆ ಬಿಳಿ ಪೆಟ್ಟಿಗೆಯನ್ನು ಬರೀ ಒಂದು ಇಂಟರ್‌ಫೇಸ್ ಅಂತ ನೋಡೋಣ.

ಒಂದು ಸಾಲಿನಲ್ಲಿ ಅಭ್ಯರ್ಥಿಯ ಹೆಸರು, ಫೋಟೊ, ಚಿಹ್ನೆ. ಅದೇ ಸಾಲಿನಲ್ಲಿ ನೀಲಿ ಗುಂಡಿ. ಯಾವ ಗುಂಡಿ ಯಾರದ್ದು ಅಂತ ಹುಡುಕುವ ಗೊಂದಲವಿಲ್ಲ. ಒತ್ತಿದರೆ ಪಕ್ಕದ ಕೆಂಪು ದೀಪ ಹತ್ತುತ್ತದೆ, ಬೀಪ್ ಸದ್ದು ಬರುತ್ತದೆ, ವಿವಿಪ್ಯಾಟ್ ಗಾಜಿನ ಹಿಂದೆ 7 ಸೆಕೆಂಡು ಚೀಟಿ ಕಾಣುತ್ತದೆ. ಕಿವಿ ಕೇಳದವರಿಗೆ ದೀಪ ಇದೆ, ಕಣ್ಣು ಕಾಣದವರಿಗೆ ಸದ್ದು ಇದೆ. ಗಾಬರಿಯಲ್ಲಿ ಇನ್ನೊಮ್ಮೆ ಒತ್ತಿದರೂ ಏನೂ ಆಗುವುದಿಲ್ಲ. ಅಧಿಕಾರಿ ತಮ್ಮ ಕಂಟ್ರೋಲ್ ಯೂನಿಟ್‌ನಿಂದ ಮತ್ತೆ ಅವಕಾಶ ಕೊಡುವವರೆಗೆ ಯಂತ್ರ ಎರಡನೇ ಮತ ತೆಗೆದುಕೊಳ್ಳುವುದಿಲ್ಲ. ಕರೆಂಟ್ ಇಲ್ಲದ ಊರಿಗೂ ಆಗಲಿ ಅಂತ ನಡೆಯುವುದು ಬ್ಯಾಟರಿಯಲ್ಲಿ. ಗುಂಡಿಗಳ ಪಕ್ಕದಲ್ಲಿ 1ರಿಂದ 16ರವರೆಗೆ ಬ್ರೈಲ್ ಅಂಕಿಗಳಿವೆ.

ಇದೆಲ್ಲ ಒಂದೇ ದಿನದಲ್ಲಿ ಆದದ್ದಲ್ಲ. 1951-52ರ ಮೊದಲ ಮಹಾಚುನಾವಣೆಯಲ್ಲಿ ಬಹುಪಾಲು ಮತದಾರರಿಗೆ ಓದಲು ಬರುತ್ತಿರಲಿಲ್ಲ. ಅದಕ್ಕೇ ಚಿಹ್ನೆಗಳು ಬಂದವು. ಆಗ ಪ್ರತಿ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಮತಪೆಟ್ಟಿಗೆ. ಇವಿಎಂ ಮೊದಲ ಬಾರಿ ಬಳಕೆಯಾದದ್ದು 1982ರಲ್ಲಿ, ಕೇರಳದ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ. ಆಮೇಲೆ ಯಂತ್ರದ ರೂಪವನ್ನು ತಿದ್ದುವ ಕೆಲಸದಲ್ಲಿ ಐಐಟಿ ಬಾಂಬೆಯ ವಿನ್ಯಾಸ ಕೇಂದ್ರದ ಪ್ರಾಧ್ಯಾಪಕರೂ ಸೇರಿಕೊಂಡರು. ಬ್ರೈಲ್, ವಿವಿಪ್ಯಾಟ್, ಫೋಟೊ ಒಂದೊಂದಾಗಿ ಬಂದು ಸೇರಿದವು.

ಇದರಲ್ಲಿ ನನಗೆ ಬಹಳ ಮುಖ್ಯ ಅನಿಸುವುದು ಬ್ರೈಲ್ ಅಂಕಿಗಳು. ಅಂಧ ಮತದಾರರು ಜೊತೆಗೊಬ್ಬರನ್ನು ಕರೆದೊಯ್ಯಲು ನಿಯಮದಲ್ಲಿ ಅವಕಾಶ ಇದೆ. ಆದರೆ ಜೊತೆಗೆ ಬಂದವರಿಗೆ ಮತ ಯಾರಿಗೆ ಬಿತ್ತು ಅಂತ ಗೊತ್ತಾಗುತ್ತದಲ್ಲ? ಗುಪ್ತ ಮತದಾನ ಅಂತ ಹೆಸರಷ್ಟೇ ಉಳಿಯಿತು. ಬೆರಳಲ್ಲಿ ಮುಟ್ಟಿ ಅಂಕಿ ಎಣಿಸಿ ಒಬ್ಬರೇ ಗುಂಡಿ ಒತ್ತಿದಾಗ ಮಾತ್ರ ಅದು ನಿಜವಾಗಿ ಗುಪ್ತ.

ನನ್ನ ಮಟ್ಟಿಗೆ ಆ್ಯಕ್ಸೆಸಿಬಿಲಿಟಿ ಅನ್ನುವ ಆ ದೊಡ್ಡ ಪದದ ಅರ್ಥ ಇಷ್ಟೇ: ತನ್ನ ಕೆಲಸವನ್ನು ಇನ್ನೊಬ್ಬರ ಕೈಗೆ ಕೊಡದೆ ತಾನೇ ಮುಗಿಸಲು ಆಗುವುದು.

ಕವರ್ ಹಿಂದಿನ ಚೀಟಿ

ಈಗ ಫೋನಿಗೆ ಬನ್ನಿ. "ನಿಮ್ಮ ಪಿನ್, ಒಟಿಪಿ ಯಾರಿಗೂ ಹೇಳಬೇಡಿ" ಅಂತ ಬ್ಯಾಂಕುಗಳು ದಿನಾ ಮೆಸೇಜ್ ಹಾಕುತ್ತವೆ. ನಮ್ಮ ಬೀದಿಯಲ್ಲೇ ಫೋನ್ ಕವರ್ ಹಿಂದೆ ಪಿನ್ ಬರೆದ ಚೀಟಿ ಇಟ್ಟುಕೊಂಡವರಿದ್ದಾರೆ. ಅವರಿಗೆ ಬುದ್ಧಿ ಇಲ್ಲ ಅಂತಲ್ಲ. ಸಂತೆಯಲ್ಲಿ ಐದು ರೂಪಾಯಿ ಲೆಕ್ಕ ತಪ್ಪಿದರೂ ಹಿಡಿಯುವವರು. ಆದರೆ ಆ ಸ್ಕ್ರೀನ್ ಅವರಿಗೆ ಓದಲು ಆಗುವುದಿಲ್ಲ. ಅಂಗಡಿ ಹುಡುಗನಿಗೋ ಪಕ್ಕದ ಮನೆಯವರಿಗೋ ಫೋನ್ ಕೊಟ್ಟು, "ಸ್ವಲ್ಪ ನೋಡಪ್ಪಾ, ಗೃಹಲಕ್ಷ್ಮಿ ದುಡ್ಡು ಬಿದ್ದಿದೆಯಾ" ಅಂತ ಕೇಳಬೇಕು. ನನ್ನನ್ನೂ ಕೇಳಿದ್ದಾರೆ. ನೋಡಿ ಹೇಳುವುದು ಒಂದು ನಿಮಿಷದ ಕೆಲಸ. ಆದರೆ ಆ ಒಂದು ನಿಮಿಷದಲ್ಲಿ ಅವರ ಅಕೌಂಟಿನಲ್ಲಿ ಎಷ್ಟಿದೆ, ಯಾರಿಗೆ ಎಷ್ಟು ಕಳಿಸಿದ್ದಾರೆ ಅನ್ನುವುದೆಲ್ಲ ನನ್ನ ಕಣ್ಣಿಗೆ ಬೀಳುತ್ತದೆ. ನನ್ನ ಜಾಗದಲ್ಲಿ ಕೆಟ್ಟವನೊಬ್ಬ ಇದ್ದರೆ?

ಸೈಬರ್ ವಂಚನೆ ಅಂದರೆ ಎಲ್ಲೋ ದೂರದಲ್ಲಿ ಕೂತವರ ಕೆಲಸ ಅಂತ ನಾವು ಅಂದುಕೊಳ್ಳುತ್ತೇವೆ. ಓದಲಾಗದ ಸ್ಕ್ರೀನ್ ಕೂಡ ಬಾಗಿಲು ತೆರೆದಿಟ್ಟ ಹಾಗೆಯೇ. ಪಿನ್ ಹೇಳಬೇಡಿ ಅನ್ನುವ ಮುಂಚೆ, ಹೇಳದೆಯೇ ಕೆಲಸ ಆಗುವ ಹಾಗೆ ಆ್ಯಪ್ ಮಾಡಬೇಕಲ್ಲವೇ?

ಒಳ್ಳೆಯ ಉದಾಹರಣೆಗಳೂ ಕಣ್ಣೆದುರಿಗೇ ಇವೆ. ಅಂಗಡಿಗಳಲ್ಲಿರುವ ಸೌಂಡ್‌ಬಾಕ್ಸ್ ನೋಡಿ. ಹೂ ಕಟ್ಟುತ್ತಾ ಎರಡೂ ಕೈ ಬಿಡುವಿಲ್ಲದ ಅಮ್ಮನಿಗೂ, ಮೆಸೇಜ್ ಓದಲು ಬಾರದವರಿಗೂ, ಕಣ್ಣು ಕಾಣದ ಅಂಗಡಿಯವರಿಗೂ ಅದು ದುಡ್ಡು ಬಂತು ಅಂತ ಒಂದೇ ದನಿಯಲ್ಲಿ ಹೇಳುತ್ತದೆ. ರಿಸರ್ವ್ ಬ್ಯಾಂಕ್ 2020ರ ಜನವರಿ 1ರಂದು ತಂದ 'ಮನಿ' ಆ್ಯಪ್ ಕ್ಯಾಮೆರಾ ಎದುರು ಹಿಡಿದ ನೋಟು ಎಷ್ಟರದು ಅಂತ ಹೇಳುತ್ತದೆ, ಇಂಟರ್ನೆಟ್ ಕೂಡ ಬೇಡ. ಮೈಸೂರಿನ ನಗರ ಬಸ್ಸುಗಳಲ್ಲಿ ಕೆಎಸ್‌ಆರ್‌ಟಿಸಿ 'ಧ್ವನಿ ಸ್ಪಂದನ' ಅಳವಡಿಸಿದೆ. ಇದರ ತಂತ್ರಜ್ಞಾನ ಐಐಟಿ ದೆಹಲಿಯದು. ಸ್ಟಾಪಿನಲ್ಲಿ ನಿಂತ ಅಂಧ ಪ್ರಯಾಣಿಕರು ಕೈಯಲ್ಲಿರುವ ಚಿಕ್ಕ ಸಾಧನದ ಗುಂಡಿ ಒತ್ತಿದರೆ, ಬಂದ ಬಸ್ಸೇ ತನ್ನ ರೂಟ್ ನಂಬರ್ ಕೂಗಿ ಹೇಳುತ್ತದೆ. "ಇದು ಯಾವ ಬಸ್ಸಪ್ಪಾ" ಅಂತ ಹತ್ತು ಜನರನ್ನು ಕೇಳುವ ಪಾಡಿಲ್ಲ.

"ನಮ್ಮ ಯೂಸರ್‌ಗಳಲ್ಲಿ ಅಂಥವರು ಇಲ್ಲ"

ಮೀಟಿಂಗಿನಲ್ಲಿ ಆ್ಯಕ್ಸೆಸಿಬಿಲಿಟಿ ಮಾತು ಎತ್ತಿದರೆ ಸಾಮಾನ್ಯವಾಗಿ ಬರುವ ಉತ್ತರ ಇದು. ಹೊಸಿಲನ್ನು ಮೊಣಕಾಲೆತ್ತರ ಕಟ್ಟಿಸಿ, "ನಮ್ಮ ಮನೆಗೆ ವ್ಹೀಲ್‌ಚೇರಿನವರು ಯಾರೂ ಬರಲ್ಲ" ಅಂದ ಹಾಗೆ. ಬರುವುದಾದರೂ ಹೇಗೆ?

2011ರ ಜನಗಣತಿ ಪ್ರಕಾರ ದೇಶದಲ್ಲಿ ಅಂಗವೈಕಲ್ಯವಿರುವವರು 2.68 ಕೋಟಿ. ಕರ್ನಾಟಕದಲ್ಲೇ 13 ಲಕ್ಷಕ್ಕೂ ಹೆಚ್ಚು. ಆಮೇಲೆ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿತು, ಹಾಗಾಗಿ ಹಳೆಯ ಲೆಕ್ಕದಿಂದ ಹೊರಗೆ ಉಳಿದವರೂ ಇದ್ದಾರೆ.

ಇದು 'ಅವರ' ವಿಷಯ ಮಾತ್ರವೂ ಅಲ್ಲ. ನಮ್ಮಲ್ಲಿ ಕನ್ನಡಕಕ್ಕೆ ಚಾಳೀಸು ಅಂತ ಹೆಸರು ಬಂದದ್ದೇ ನಲವತ್ತಾದ ಮೇಲೆ ಅದು ಎಲ್ಲರಿಗೂ ಬೇಕಾಗುತ್ತದೆ ಅಂತ. ಇವತ್ತು ಮೂವತ್ತರಲ್ಲಿರುವ ನಾವು ಇನ್ನು ಹತ್ತೇ ವರ್ಷಕ್ಕೆ ನಮ್ಮದೇ ಆ್ಯಪಿನ ಸಣ್ಣ ಅಕ್ಷರಕ್ಕೆ ಕಣ್ಣು ಕಿರಿದು ಮಾಡಲಿದ್ದೇವೆ. ಅಲ್ಲಿವರೆಗೂ ಕಾಯಬೇಕಾಗಿಯೂ ಇಲ್ಲ. ಒಂದು ಕೈಯಲ್ಲಿ ಬಸ್ಸಿನ ಕಂಬಿ ಹಿಡಿದು ಇನ್ನೊಂದು ಕೈಯ ಹೆಬ್ಬೆರಳಲ್ಲಿ ಟಿಕೆಟ್ ತೆಗೆಯುವಾಗ, ಮಧ್ಯಾಹ್ನದ ಬಿಸಿಲಲ್ಲಿ ಸ್ಕ್ರೀನ್ ಕಾಣದಿದ್ದಾಗ, ಮಗು ತೋಳಲ್ಲಿ ಮಲಗಿರುವಾಗ ನಾವೂ ಅದೇ ಸಾಲಿಗೆ ಸೇರುತ್ತೇವೆ. ದೊಡ್ಡ ಬಟನ್, ಗಾಢ ಅಕ್ಷರ, ಕಡಿಮೆ ಟೈಪಿಂಗ್ ಇದ್ದರೆ ಆಗ ನಮ್ಮ ಕೆಲಸವೂ ಸುಲಭ.

ಕಣ್ಣು ಮಿಟುಕಿಸಿ ಅಂದರೆ

ಈ ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಗಿದೆ. ಬ್ಯಾಂಕ್ ಖಾತೆ, ಸಿಮ್ ಎಲ್ಲದಕ್ಕೂ ಈಗ ಡಿಜಿಟಲ್ ಕೆವೈಸಿ. ಕ್ಯಾಮೆರಾ ಎದುರು ಕೂತು "ಕಣ್ಣು ಮಿಟುಕಿಸಿ" ಅನ್ನುತ್ತದೆ, ಎದುರಿಗಿರುವುದು ಜೀವಂತ ಮನುಷ್ಯರೇ ಅಂತ ಖಾತ್ರಿ ಮಾಡಿಕೊಳ್ಳಲು. ಆಸಿಡ್ ದಾಳಿಯಲ್ಲಿ ರೆಪ್ಪೆಗಳೇ ಸುಟ್ಟುಹೋದವರು ಏನು ಮಾಡಬೇಕು? ಕಣ್ಣು ಕಾಣದವರು ಮುಖವನ್ನು ಆ ದುಂಡನೆಯ ಗೆರೆಯೊಳಗೆ ಹೇಗೆ ಕೂರಿಸಬೇಕು? ಸ್ಕ್ರೀನ್ ರೀಡರ್ ಪೂರ್ತಿ ಓದಿ ಮುಗಿಸುವ ಮೊದಲೇ ಒಟಿಪಿ ಸಮಯ ಮುಗಿದರೆ?

ಆಸಿಡ್ ದಾಳಿ ಸಂತ್ರಸ್ತರು ಮತ್ತು ದೃಷ್ಟಿ ಇಲ್ಲದ ಅರ್ಜಿದಾರರೊಬ್ಬರು ಇವೇ ಪ್ರಶ್ನೆಗಳನ್ನು ಹಿಡಿದು ಕೋರ್ಟಿಗೆ ಹೋದರು. ಪ್ರಜ್ಞಾ ಪ್ರಸೂನ್ ಪ್ರಕರಣ ಅಂತ ಅದಕ್ಕೆ ಹೆಸರು. 2025ರ ಏಪ್ರಿಲ್ 30ರಂದು ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದೀವಾಲಾ ಮತ್ತು ಆರ್. ಮಹದೇವನ್ ಅವರ ಪೀಠ ತೀರ್ಪು ಕೊಟ್ಟಿತು: ಡಿಜಿಟಲ್ ಸೇವೆಗಳನ್ನು ಬಳಸಲು ಸಾಧ್ಯವಾಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ. ಕೆವೈಸಿ ಎಲ್ಲರಿಗೂ ಸಾಧ್ಯವಾಗುವಂತೆ ಬದಲಾಯಿಸಲು 20 ನಿರ್ದೇಶನಗಳೂ ಬಂದವು. ಕಣ್ಣು ಮಿಟುಕಿಸುವುದಕ್ಕೆ ಬದಲಿ ದಾರಿ ಇರಬೇಕು, ಆ್ಯಪ್ ಮತ್ತು ವೆಬ್‌ಸೈಟುಗಳ ಆ್ಯಕ್ಸೆಸಿಬಿಲಿಟಿ ಪರಿಶೀಲನೆ ಆಗಾಗ ನಡೆಯಬೇಕು ಅನ್ನುವುದು ಅವುಗಳಲ್ಲಿ ಸೇರಿವೆ.

ಆದ್ದರಿಂದ ಮುಂದಿನ ಮೀಟಿಂಗಿನಲ್ಲಿ ಇದನ್ನು ಯಾರಾದರೂ 'ಇದ್ದರೆ ಒಳ್ಳೆಯದು' ಪಟ್ಟಿಗೆ ತಳ್ಳಿದರೆ, ಇದು ಹಕ್ಕಿನ ಪ್ರಶ್ನೆ ಅಂತ ಧೈರ್ಯವಾಗಿ ಹೇಳಬಹುದು.

ಕನ್ನಡ ಕಾಣುತ್ತದೆ, ಕೇಳುವುದಿಲ್ಲ

ಸ್ಕ್ರೀನ್ ರೀಡರ್ ಅಂದರೆ ಪರದೆ ಮೇಲಿರುವುದನ್ನು ಗಟ್ಟಿಯಾಗಿ ಓದುವ ತಂತ್ರಾಂಶ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್. ಕಂಪ್ಯೂಟರಿಗೆ ಎನ್‌ವಿಡಿಎ ಇದೆ. ಆಸ್ಟ್ರೇಲಿಯಾದ ಇಬ್ಬರು ಅಂಧ ಗೆಳೆಯರು 2006ರಲ್ಲಿ ಶುರುಮಾಡಿದ ಉಚಿತ ತಂತ್ರಾಂಶ ಇದು. ಇದರ ಜೊತೆಗೇ ಬರುವ ಇ-ಸ್ಪೀಕ್ ಕನ್ನಡವನ್ನೂ ಓದುತ್ತದೆ.

ಆದರೆ ಓದಲು ಅಕ್ಷರ ಇರಬೇಕಲ್ಲ? ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳಲ್ಲಿ ನಮ್ಮ ಕಣ್ಣಿಗೆ ಕಾಣುವುದು ಕನ್ನಡ. ಕಂಪ್ಯೂಟರಿನ ಒಳಗಿರುವುದು ಮಾತ್ರ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕಿಸಿರುತ್ತದೆ. ಕಾಪಿ ಮಾಡಿ ವಾಟ್ಸ್‌ಆ್ಯಪಿಗೆ ಹಾಕಿದಾಗ ಬರುವ ಚಿತ್ರವಿಚಿತ್ರ ಸಾಲು ನಿಮಗೂ ಗೊತ್ತು. ಸ್ಕ್ರೀನ್ ರೀಡರ್ ಅದನ್ನೇ ಓದುತ್ತದೆ. ಯೂನಿಕೋಡಿನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ, ನುಡಿ ಮತ್ತು ಬರಹ ಎರಡರಲ್ಲೂ ಈಗ ಯೂನಿಕೋಡ್ ಸಿಗುತ್ತದೆ. ಕನ್ನಡ ಕಡತವನ್ನು ಯೂನಿಕೋಡಿನಲ್ಲಿ ಇಡುವುದೇ ಆ್ಯಕ್ಸೆಸಿಬಿಲಿಟಿಯ ಮೊದಲ ಮೆಟ್ಟಿಲು. ಆದೇಶದ ಪ್ರತಿಯನ್ನು ಸ್ಕ್ಯಾನ್ ಮಾಡಿ ಬರೀ ಚಿತ್ರವಾಗಿ ಪಿಡಿಎಫ್ ಹಾಕಿದರೂ ಇದೇ ಕಥೆ. ಸ್ಕ್ರೀನ್ ರೀಡರ್‌ಗೆ ಅಲ್ಲಿ ಓದಲು ಏನೂ ಸಿಗುವುದಿಲ್ಲ.

ಕನ್ನಡ ಬೆಂಬಲ ಇದೆ ಅನ್ನುವ ಆ್ಯಪುಗಳಲ್ಲೂ ಸಮಸ್ಯೆ ಇದೆ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಬಟನ್ ಅಳೆದು ಮಾಡಿದರೆ ನಮ್ಮ ಒತ್ತಕ್ಷರದ ಕಾಲು ಕತ್ತರಿಸಿ ಹೋಗುತ್ತದೆ. 'ರಾಷ್ಟ್ರ', 'ಸ್ತ್ರೀ' ಅಂಥ ಪದ ಹಾಕಿ ನೋಡಿ, ಗೊತ್ತಾಗುತ್ತದೆ. ಇನ್ನು ಅನುವಾದ. 'ಹೋಮ್' ಅನ್ನುವುದನ್ನು 'ಮನೆ' ಅಂತ ಮಾಡಿದರೆ ಯಾರ ಮನೆಗೆ ಹೋಗಬೇಕು? ಜನ ಆಡುವ ಮಾತನ್ನೇ ಬಟನ್ ಮೇಲೆ ಹಾಕಿದರೆ ಸಾಕು. 'ದುಡ್ಡು ಕಳಿಸಿ', 'ಹಿಂದೆ ಹೋಗಿ' ಅಂದರೆ ಅರ್ಥವಾಗದವರು ಯಾರೂ ಇರಲಿಕ್ಕಿಲ್ಲ.

ಅರ್ಧ ಗಂಟೆಯ ಪರೀಕ್ಷೆ

ಆ್ಯಪ್ ಮಾಡುವವರು ಈ ಭಾನುವಾರ ಅರ್ಧ ಗಂಟೆ ತೆಗೆದಿಟ್ಟು ನಿಮ್ಮ ಆ್ಯಪನ್ನೇ ಪರೀಕ್ಷೆ ಮಾಡಿ.

ಮೊದಲು ಟಾಕ್‌ಬ್ಯಾಕ್ ಆನ್ ಮಾಡಿ. (ಆಫ್ ಮಾಡುವುದು ಹೇಗೆ ಅಂತ ಮೊದಲೇ ನೋಡಿಕೊಳ್ಳಿ, ಇಲ್ಲದಿದ್ದರೆ ಫೋನ್ ನಿಮ್ಮ ಮಾತೇ ಕೇಳುವುದಿಲ್ಲ!) ಬಲಕ್ಕೆ ಸವರಿದರೆ ಮುಂದಿನ ಅಂಶಕ್ಕೆ ಹೋಗುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಈಗ ಕಣ್ಣು ಮುಚ್ಚಿ ನಿಮ್ಮ ಆ್ಯಪಿನ ಮುಖ್ಯ ಕೆಲಸ ಒಂದನ್ನು ಮುಗಿಸಲು ನೋಡಿ. ಹೆಸರಿಲ್ಲದ ಐಕಾನ್ ಬಂದಲ್ಲೆಲ್ಲ ಅದು ಬರೀ "ಬಟನ್" ಅನ್ನುತ್ತದೆ. ಯಾವ ಬಟನ್? ದುಡ್ಡು ಕಳಿಸುವುದೋ, ಅಳಿಸುವುದೋ? ಇದನ್ನು ಸರಿಮಾಡಲು ಬೇಕಾದದ್ದು ಹೆಚ್ಚಿನ ಸಲ ಒಂದೇ ಸಾಲಿನ ಕೋಡ್, ಆ ಬಟನ್‌ಗೆ ಒಂದು ಹೆಸರು.

ಎರಡನೆಯದು ಅಕ್ಷರದ ಗಾತ್ರ. ಫೋನ್ ಸೆಟ್ಟಿಂಗಿನಲ್ಲಿ ಅಕ್ಷರವನ್ನು ಅತಿ ದೊಡ್ಡದು ಮಾಡಿ ಆ್ಯಪ್ ತೆರೆಯಿರಿ. ಬಟನ್‌ಗಳು ಒಂದರ ಮೇಲೊಂದು ಹತ್ತಿ ಕೂತಿವೆಯಾ? ವೆಬ್‌ಗೆ ಜಗತ್ತಿನಾದ್ಯಂತ ಒಪ್ಪಿರುವ ಮಾರ್ಗಸೂಚಿ ಡಬ್ಲ್ಯುಸಿಎಜಿ. ಅಕ್ಷರವನ್ನು 200% ಹಿಗ್ಗಿಸಿದರೂ ಎಲ್ಲವೂ ಕೆಲಸ ಮಾಡಬೇಕು ಅನ್ನುತ್ತದೆ ಅದು.

ಮೂರನೆಯದು ಬಣ್ಣ. ಅಕ್ಷರ ಮತ್ತು ಹಿನ್ನೆಲೆಯ ನಡುವಿನ ಕಾಂಟ್ರಾಸ್ಟ್ ಕನಿಷ್ಠ 4.5ಕ್ಕೆ 1 ಇರಬೇಕು. ಬಿಳಿ ಮೇಲೆ ಕಪ್ಪು ಇದ್ದರೆ ಅದು 21ಕ್ಕೆ 1. ಡಿಸೈನರ್‌ಗಳಿಗೆ ಇಷ್ಟವಾಗುವ ತಿಳಿ ಬೂದು ಬಣ್ಣ ಎಷ್ಟೋ ಸಲ 3ನ್ನೂ ಮುಟ್ಟುವುದಿಲ್ಲ. ಬರೀ ಬಣ್ಣದಿಂದಲೇ ಹೇಳುವುದೂ ಬೇಡ. ತಪ್ಪಾದರೆ ಕೆಂಪು, ಸರಿಯಾದರೆ ಹಸಿರು ಅಂತ ಮಾತ್ರ ಇಟ್ಟರೆ ಬಣ್ಣಗುರುಡು ಇರುವವರಿಗೆ ಎರಡೂ ಒಂದೇ. ಪಕ್ಕದಲ್ಲಿ ಒಂದು ಪದ ಹಾಕಿ.

ನಾಲ್ಕನೆಯದು ಬೆರಳು. ಆಂಡ್ರಾಯ್ಡ್ ಮಾರ್ಗಸೂಚಿಯಲ್ಲಿ ಒತ್ತುವ ಜಾಗ ಕನಿಷ್ಠ 48 ಡಿಪಿ, ಅಂದರೆ ಸುಮಾರು 9 ಮಿಲಿಮೀಟರ್. ಗಾರೆ ಕೆಲಸ ಮಾಡಿ ಒರಟಾದ ಬೆರಳು, ನಡುಗುವ ಬೆರಳು ಎರಡನ್ನೂ ನೆನೆದುಕೊಂಡು ಇದನ್ನು ಅಳೆಯಿರಿ.

ಐದನೆಯದು ಸಮಯ. ಒಟಿಪಿಗೋ ಫಾರ್ಮ್‌ಗೋ ಗಡುವು ಇದ್ದರೆ "ಇನ್ನೂ ಸಮಯ ಬೇಕಾ?" ಅಂತ ಕೇಳುವ ವ್ಯವಸ್ಥೆ ಇರಲಿ. ಗಡುವು ಮೀರಿದರೂ ಆವರೆಗೆ ತುಂಬಿದ್ದು ಅಳಿಸಿ ಹೋಗಬಾರದು.

ಕೋಡ್ ಬರೆಯದವರಿಗೂ ಕೆಲಸ ಇದೆ. ಮನೆಯಲ್ಲಿ ಅಪ್ಪ ಅಮ್ಮನ ಫೋನ್ ತೆಗೆದುಕೊಂಡು ಅಕ್ಷರ ದೊಡ್ಡದು ಮಾಡಿಕೊಡಿ, ಪರದೆ ಹಿಗ್ಗಿಸುವುದನ್ನು ತೋರಿಸಿ, ಓದಿ ಹೇಳುವ ಸೌಲಭ್ಯವನ್ನು ಕನ್ನಡಕ್ಕೆ ಹಾಕಿಕೊಡಿ. ಗೃಹಪ್ರವೇಶದ ಆಮಂತ್ರಣವನ್ನು ಗ್ರೂಪಿಗೆ ಬರೀ ಚಿತ್ರವಾಗಿ ಹಾಕುವ ಬದಲು ದಿನ, ಸಮಯ, ಜಾಗವನ್ನು ಕೆಳಗೆ ಟೈಪ್ ಮಾಡಿ. ಯಾವುದಾದರೂ ಆ್ಯಪ್ ಓದಲಾಗದ ಹಾಗಿದ್ದರೆ ರಿವ್ಯೂನಲ್ಲಿ ಅದನ್ನೇ ಬರೆಯಿರಿ. ಆ ರಿವ್ಯೂಗಳನ್ನು ನಾವು ನಿಜವಾಗಿಯೂ ಓದುತ್ತೇವೆ; ಕೆಲವೊಮ್ಮೆ ಮ್ಯಾನೇಜರ್‌ಗಳೂ ಓದುತ್ತಾರೆ.

ಮಲ್ಲಿಗೆ ಬರುವ ಮೊದಲೇ

ಉಪನಗರ ರೈಲಿನ 'ಮಲ್ಲಿಗೆ' ಮಾರ್ಗ ಬೆನ್ನಿಗಾನಹಳ್ಳಿಯಿಂದ ನಮ್ಮ ಚಿಕ್ಕಬಾಣಾವರಕ್ಕೆ ಬರಲಿದೆ. ಸುಮಾರು 25 ಕಿಲೋಮೀಟರ್. 2022ರ ಜೂನ್ 20ರಂದು ಯೋಜನೆಗೆ ಶಂಕುಸ್ಥಾಪನೆ ಆಯಿತು. ರೈಲಿನ ಜೊತೆಗೆ ಟಿಕೆಟ್ ಯಂತ್ರ, ಗೇಟು, ಆ್ಯಪ್ ಎಲ್ಲವೂ ಬೇಕಾಗುತ್ತವೆ. ನುಣುಪು ಗಾಜಿನ ಟಚ್‌ಸ್ಕ್ರೀನ್ ಮಾತ್ರ ಇಟ್ಟರೆ ಬೆರಳಿಗೆ ಗುಂಡಿ ಸಿಗುವುದಿಲ್ಲ. ನಿಂತವರ ಎತ್ತರಕ್ಕೆ ಇಟ್ಟರೆ ವ್ಹೀಲ್‌ಚೇರಿನಲ್ಲಿ ಕೂತವರ ಕೈ ಮುಟ್ಟುವುದಿಲ್ಲ. ಇದನ್ನೆಲ್ಲ ಕೇಳಬೇಕಾದ ಸಮಯ ಇದೇ. ಮನೆ ಕಟ್ಟುವಾಗಲೇ ರ್‍ಯಾಂಪ್ ಹಾಕಿಸಿದರೆ ಖರ್ಚು ಸ್ವಲ್ಪ. ಕಟ್ಟಿದ ಮೇಲೆ ಗೋಡೆ ಒಡೆಯಬೇಕು. ಸಾಫ್ಟ್‌ವೇರಿನ ಲೆಕ್ಕವೂ ಹಾಗೇ.

ನಾಳೆ ಆಫೀಸಿನಲ್ಲಿ ಹೊಸ ಸ್ಕ್ರೀನ್‌ನ ಡಿಸೈನ್ ರಿವ್ಯೂ ಇದ್ದರೆ ಒಂದೇ ಒಂದು ಪ್ರಶ್ನೆ ಕೇಳಿ: "ಕಣ್ಣು ಕಾಣದವರು, ಓದಲು ಬಾರದವರು, ಕೈ ನಡುಗುವವರು ಇದನ್ನು ಯಾರಿಗೂ ಪಿನ್ ಹೇಳದೆ ಒಬ್ಬರೇ ಮುಗಿಸಬಹುದಾ?" ಇಲ್ಲ ಅನ್ನುವುದು ಉತ್ತರವಾದರೆ ಆ ಸ್ಕ್ರೀನ್ ಇನ್ನೂ ಮುಗಿದಿಲ್ಲ.